ಹಳೆಯ ಮೊಬೈಲ್ ಹೋಮ್‌ಗೆ ವಿಮೆ ಮಾಡಿಸುವುದು ಹೇಗೆ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಸನಿವೇಲ್, ಸ್ಯಾನ್ ಹೊಸೆ ಕಡೆ ಮನೆ ಕೊಳ್ಳಲು ಹೊರಟ ನಮ್ಮವರಲ್ಲಿ ಕೆಲವರು ಬೆಲೆ ನೋಡಿ ಸುಸ್ತಾಗಿ ಮೊಬೈಲ್ ಹೋಮ್ ಪಾರ್ಕುಗಳ ಕಡೆ ತಿರುಗುತ್ತಾರೆ. ಸ್ಯಾನ್ ಹೊಸೆ ಊರೊಂದರಲ್ಲೇ ಇಂಥ ಪಾರ್ಕುಗಳು 50ಕ್ಕೂ ಹೆಚ್ಚಿವೆ. ಕಾರ್ಖಾನೆಯಲ್ಲಿ ಉಕ್ಕಿನ ಚಾಸಿಯ ಮೇಲೆ ಕಟ್ಟಿ, ಚಕ್ರದ ಮೇಲೆ ಎಳೆದು ತಂದು, ಗಿಡ್ಡ ಕಂಬಗಳ ಮೇಲೆ ಕೂರಿಸಿದ ಮನೆಗಳಿವು. ಮನೆ ನಿಮ್ಮದು, ನೆಲ ಪಾರ್ಕಿನವರದು. ತಿಂಗಳು ತಿಂಗಳು ಜಾಗದ ಬಾಡಿಗೆ ಕಟ್ಟಬೇಕು. ಮಾರಾಟಕ್ಕೆ ಬರುವವುಗಳಲ್ಲಿ ಎಷ್ಟೋ ಮನೆಗಳು 1960-70ರ ದಶಕದವು.

ಬೆಲೆ ಕುದುರುತ್ತದೆ, ಪಾರ್ಕಿನ ಮ್ಯಾನೇಜರ್ ಒಪ್ಪುತ್ತಾರೆ, ಸಾಲವೂ ಹೊಂದುತ್ತದೆ. ಆಮೇಲೆ ಕಾರಿಗೆ ವಿಮೆ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ಮನೆಗೂ ಕೇಳೋಣ ಎಂದು ಹೋಗಿ, ಕಟ್ಟಿದ ವರ್ಷ 1972 ಎಂದು ತುಂಬಿದರೆ ಅಲ್ಲಿಗೆ ಮಾತು ಮುಗಿಯಿತು. "ಕ್ಷಮಿಸಿ" ಎನ್ನುವ ಪುಟ ಬರುತ್ತದೆ. ಕಂಪನಿಗೆ ನಿಮ್ಮ ಮನೆ ಕಾಣುವುದಿಲ್ಲ, ವರ್ಷ ಮಾತ್ರ ಕಾಣುತ್ತದೆ. 1972 ಅಂದರೆ ಅವರ ಲೆಕ್ಕದಲ್ಲಿ ಹಳೆಯ ವೈರು, ಹಳೆಯ ಪೈಪು, ಸೋರುವ ಚಾವಣಿ. ವೈರಿಂಗ್ ಬದಲಾಗಿದೆ, ಚಾವಣಿ ಹೊಸದು ಎಂದು ದಾಖಲೆ ಇಟ್ಟು ತೋರಿಸಬೇಕಾದವರು ನೀವು. ಈ ಬರಹದ ಅರ್ಧ ಭಾಗ ಆ ತೋರಿಸುವ ಕೆಲಸದ್ದು. ಇನ್ನರ್ಧ, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು: ಮನೆ ಸುಟ್ಟು ಹೋದರೆ ಕಂಪನಿ ಎಷ್ಟು ಕೊಡುತ್ತದೆ ಎಂಬುದನ್ನು ತೀರ್ಮಾನಿಸುವ, ಪಾಲಿಸಿಯ ಒಂದೆರಡು ಸಾಲುಗಳದ್ದು. ಜನ ಪ್ರೀಮಿಯಂ ನೋಡಿ ಪಾಲಿಸಿ ಆರಿಸುತ್ತಾರೆ; ನೋಡಬೇಕಾದದ್ದು ಆ ಸಾಲುಗಳನ್ನು.

ಯಾವಾಗ ಶುರು ಮಾಡಬೇಕು ಎಂದರೆ, ಆಫರ್ ಒಪ್ಪಿಗೆಯಾದ ಮಾರನೆಯ ದಿನವೇ. ಕಂಟಿಂಜೆನ್ಸಿ (ತೊಂದರೆ ಕಂಡರೆ ಖರೀದಿಯಿಂದ ಹಿಂದೆ ಸರಿಯುವ ಹಕ್ಕು) ಬಿಟ್ಟುಕೊಡುವ ಮೊದಲು ಲಿಖಿತ ಕೋಟ್ ಕೈಯಲ್ಲಿರಲಿ. ಎಸ್ಕ್ರೋ (ಮೂರನೆಯವರ ಕೈಯಲ್ಲಿ ಹಣವಿಟ್ಟು ಖರೀದಿ ಮುಗಿಸುವ ಅವಧಿ) ಮುಗಿಯಲು ಮೂರು ದಿನ ಇದೆ ಎನ್ನುವಾಗ ಏಜೆಂಟ್ ಹುಡುಕಿದರೆ, ಸಿಕ್ಕಿದ ಪಾಲಿಸಿಗೆ ಸಹಿ ಹಾಕಬೇಕಾಗುತ್ತದೆ.

ಹೆಜ್ಜೆ 1: ಮನೆಯ ಜಾತಕ ಹುಡುಕಿ

ಮೊದಲು ಗೊತ್ತಾಗಬೇಕಾದದ್ದು, ಮನೆ 1976ರ ಜೂನ್ 15ಕ್ಕಿಂತ ಮೊದಲು ತಯಾರಾದದ್ದೋ ನಂತರದ್ದೋ ಎಂಬುದು. ಅಮೆರಿಕದ ಸಂಸತ್ತು 1974ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಕಾರ್ಖಾನೆಯಲ್ಲಿ ಕಟ್ಟುವ ಮನೆಗಳಿಗೆ ಕೇಂದ್ರ ವಸತಿ ಇಲಾಖೆಯ (ಹಡ್) ನಿಯಮಾವಳಿ ಜಾರಿಗೆ ಬಂದದ್ದು ಆ ದಿನ. ವೈರಿಂಗ್, ಬೆಂಕಿ ಸುರಕ್ಷತೆ, ಗಾಳಿಯ ಒತ್ತಡ, ಮಲಗುವ ಕೋಣೆಯಿಂದ ಹೊರಗೆ ಹಾರಲು ಆಗುವಂಥ ಕಿಟಕಿ, ಎಲ್ಲಕ್ಕೂ ದೇಶಕ್ಕೆಲ್ಲ ಒಂದೇ ಅಳತೆ ಬಂತು. ಅದಕ್ಕೂ ಹಿಂದಿನ ಮನೆಗಳನ್ನು ವಿಮೆ ಕಂಪನಿಗಳು ಬೇರೆಯದೇ ಸಾಲಿನಲ್ಲಿ ನಿಲ್ಲಿಸುತ್ತವೆ. ಕೆಲವು ಮುಟ್ಟುವುದೇ ಇಲ್ಲ. ಎಫ್‌ಎಚ್‌ಎ (ಕೇಂದ್ರ ಸರ್ಕಾರದ ಖಾತರಿಯ) ಸಾಲಕ್ಕೂ ಇದೇ ಗಡಿ.

ನಂತರದ ಮನೆಯಾದರೆ ಮನೆಯ ಹಿಂಬದಿಯ ಹೊರಗೋಡೆಯ ಮೇಲೆ, ಕೆಳಮೂಲೆಯ ಹತ್ತಿರ, ಸುಮಾರು 2 ಇಂಚು ಅಗಲ 4 ಇಂಚು ಉದ್ದದ ಕೆಂಪು ಲೋಹದ ಫಲಕ ಇರುತ್ತದೆ. ಅದರ ಮೇಲೆ ಮೂರು ಅಕ್ಷರ, ಆಮೇಲೆ ಅಂಕಿಗಳು. ಎರಡು ಭಾಗ ಜೋಡಿಸಿದ ಡಬಲ್ ವೈಡ್ ಮನೆಗೆ ಎರಡು ಫಲಕ. ಒಳಗೆ ಇನ್ನೊಂದು ಕಾಗದವಿರುತ್ತದೆ, ಡೇಟಾ ಪ್ಲೇಟ್. ಅಡುಗೆಮನೆಯ ಕಪಾಟಿನ ಒಳಬಾಗಿಲಲ್ಲೋ, ಮಲಗುವ ಕೋಣೆಯ ಕ್ಲಾಸೆಟ್ಟಿನಲ್ಲೋ, ವಿದ್ಯುತ್ ಪ್ಯಾನೆಲ್ ಪಕ್ಕದಲ್ಲೋ ಅಂಟಿಸಿರುತ್ತಾರೆ. ತಯಾರಕರ ಹೆಸರು, ಸೀರಿಯಲ್ ನಂಬರ್, ತಯಾರಾದ ದಿನ, ಮನೆ ಯಾವ ಗಾಳಿ ವಲಯಕ್ಕೆ ತಕ್ಕುದು ಎಂಬ ನಕ್ಷೆ, ಎಲ್ಲ ಅದರಲ್ಲಿರುತ್ತದೆ. ಸೈಡಿಂಗ್ (ಹೊರಗೋಡೆಯ ಹೊದಿಕೆ) ಬದಲಿಸುವಾಗ ಕೆಂಪು ಫಲಕ ಕಿತ್ತು ಎಸೆದಿರುವುದು ಸಾಮಾನ್ಯ. ಹಾಗಾಗಿದ್ದರೆ ಐಬಿಟಿಎಸ್ ಎಂಬ ಸಂಸ್ಥೆಗೆ ಅರ್ಜಿ ಹಾಕಿ ಫಲಕದ ಬದಲಿಗೆ ದೃಢೀಕರಣ ಪತ್ರ ತರಿಸಬಹುದು. ಫಲಕವನ್ನೇ ಮತ್ತೆ ಮಾಡಿಕೊಡುವುದಿಲ್ಲ.

1976ಕ್ಕಿಂತ ಹಿಂದಿನದಾದರೆ ಕೆಂಪು ಫಲಕ ಹುಡುಕಬೇಡಿ, ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ರಾಜ್ಯದ ವಸತಿ ಇಲಾಖೆಯ (ಎಚ್‌ಸಿಡಿ) ಇನ್ಸಿಗ್ನಿಯಾ ಎಂಬ ಗುರುತು ಇರಬಹುದು. ಮನೆ ಯಾವುದೇ ಕಾಲದ್ದಾಗಿರಲಿ, ಪಾರ್ಕಿನ ನೆಲದಲ್ಲಿ ಇರುವವರೆಗೆ ಅದರ ಮಾಲೀಕತ್ವದ ಪತ್ರ (ಟೈಟಲ್) ಸಿಗುವುದು ಎಚ್‌ಸಿಡಿಯಲ್ಲಿ, ಕೌಂಟಿ ಕಚೇರಿಯಲ್ಲಿ ಅಲ್ಲ. ಡೆಕಲ್ ನಂಬರ್ (ಎಚ್‌ಸಿಡಿ ಮನೆಗೆ ಕೊಟ್ಟ ನೋಂದಣಿ ಸಂಖ್ಯೆ) ಕೊಟ್ಟು ಟೈಟಲ್ ಸರ್ಚ್ ಮಾಡಿಸಿ: ಹೆಸರು, ಹಳೆಯ ಸಾಲದ ಹೊರೆ, ಬಾಕಿ ತೆರಿಗೆ ಹೊರಬೀಳುತ್ತವೆ. 1980ರ ಜುಲೈ 1ಕ್ಕೆ ಮೊದಲು ಹೊಸದಾಗಿ ಮಾರಾಟವಾದ ಮನೆಗಳಲ್ಲಿ ಹಲವಕ್ಕೆ ಕೌಂಟಿಯ ಆಸ್ತಿ ತೆರಿಗೆಯಿಲ್ಲ, ವಾಹನಕ್ಕೆ ಕಟ್ಟುವ ಹಾಗೆ ಎಚ್‌ಸಿಡಿಗೆ ವರ್ಷವರ್ಷ ಲೈಸೆನ್ಸ್ ಶುಲ್ಕ. ಹಿಂದಿನವರು ಅದನ್ನು ಬಾಕಿ ಉಳಿಸಿದ್ದರೆ ಟೈಟಲ್ ನಿಮ್ಮ ಹೆಸರಿಗೆ ಬರುವುದು ತಡವಾಗುತ್ತದೆ. ವಿಮೆಯ ಪಾಲಿಸಿ ಇರಬೇಕಾದದ್ದು ಟೈಟಲ್‌ನಲ್ಲಿರುವ ಹೆಸರಿನಲ್ಲೇ.

ಹೆಜ್ಜೆ 2: ಅಂಡರ್‌ರೈಟರ್ ಕಣ್ಣಿನಲ್ಲಿ ಮನೆ ನೋಡಿ

ಪಾಲಿಸಿ ಕೊಡಬೇಕೋ ಬೇಡವೋ ಎಂದು ಕಂಪನಿಯ ಒಳಗೆ ಕುಳಿತು ತೀರ್ಮಾನಿಸುವವರು ಅಂಡರ್‌ರೈಟರ್. ಅಡುಗೆಮನೆಯ ಹೊಸ ಗ್ರಾನೈಟ್ ಅವರಿಗೆ ಬೇಕಿಲ್ಲ. ಅವರು ಕೇಳುವುದು ಬೆಂಕಿ ಎಲ್ಲಿಂದ ಹುಟ್ಟುತ್ತದೆ, ನೀರು ಎಲ್ಲಿಂದ ನುಗ್ಗುತ್ತದೆ, ಯಾರು ಎಲ್ಲಿ ಜಾರಿ ಬೀಳುತ್ತಾರೆ ಎಂದು.

ವಿದ್ಯುತ್ತಿನಿಂದ ಶುರು ಮಾಡಿ. ತಾಮ್ರದ ಬೆಲೆ ಏರಿದ್ದರಿಂದ 1965ರಿಂದ 1973ರವರೆಗೆ ಮನೆಗಳಲ್ಲಿ ಅಲ್ಯೂಮಿನಿಯಂ ವೈರು ಧಾರಾಳವಾಗಿ ಎಳೆದರು. ಅಲ್ಯೂಮಿನಿಯಂ ಬಿಸಿಯಾದಾಗ ಹೆಚ್ಚು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗಾದ ಮೇಲೆ ಸ್ವಿಚ್ಚು, ಪ್ಲಗ್ ಪಾಯಿಂಟುಗಳ ಸ್ಕ್ರೂ ಸಡಿಲವಾಗಿ, ಜೋಡಣೆ ಕಾದು, ಗೋಡೆಯೊಳಗೇ ಬೆಂಕಿ ಹೊತ್ತುತ್ತದೆ. ಬೀದಿಯಿಂದ ಪ್ಯಾನೆಲ್ಲಿಗೆ ಬರುವ ದಪ್ಪ ಕೇಬಲ್ ಅಲ್ಯೂಮಿನಿಯಂ ಆಗಿದ್ದರೆ ಗಾಬರಿ ಬೇಡ, ಅದು ಇಂದಿಗೂ ರೂಢಿಯಲ್ಲಿದೆ. ತಕರಾರು ಕೋಣೆಗಳಿಗೆ ಹೋಗುವ ತೆಳು ವೈರಿನದು. ಪೂರ್ತಿ ತಾಮ್ರದ ವೈರಿಂಗ್ ಮಾಡಿಸುವುದು ಒಂದು ದಾರಿ. ಪ್ರತಿ ಜೋಡಣೆಯಲ್ಲೂ ತಾಮ್ರದ ತುಂಡು ಸೇರಿಸಿ ಕೋಪಾಲಮ್ ಅಥವಾ ಅಲುಮಿಕಾನ್ ಕನೆಕ್ಟರ್ ಹಾಕಿಸುವುದು ಇನ್ನೊಂದು. ಯಾವುದೇ ಮಾಡಿದರೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಬಿಲ್ಲಿನಲ್ಲಿ ಏನು ಮಾಡಿದೆ ಎಂದು ಬರೆಸಿಕೊಳ್ಳಿ. ಪ್ಯಾನೆಲ್ ಮುಚ್ಚಳದ ಮೇಲಿನ ಹೆಸರನ್ನೂ ಓದಿ. ಫೆಡರಲ್ ಪೆಸಿಫಿಕ್ ಸ್ಟ್ಯಾಬ್-ಲಾಕ್ ಅಥವಾ ಜಿನ್ಸ್ಕೋ ಎಂದಿದ್ದರೆ, ಟ್ರಿಪ್ ಆಗಬೇಕಾದಾಗ ಆಗದ ಬ್ರೇಕರ್‌ಗಳಿಗೆ ಅವು ಕುಖ್ಯಾತ. ಅಂಥ ಪ್ಯಾನೆಲ್ ಕಂಡ ಅರ್ಜಿಯನ್ನು ಅನೇಕ ಕಂಪನಿಗಳು ಅಲ್ಲಿಗೇ ಬದಿಗಿಡುತ್ತವೆ. ಮಾರುವವರಿಂದಲೇ ಬದಲಾಯಿಸಿಕೊಡಿ ಎಂದು ಬೆಲೆಯ ಮಾತುಕತೆಯಲ್ಲಿ ಕೇಳಬಹುದು, ಕೇಳಲೇಬೇಕು.

ನೀರಿನ ಪೈಪು: ಬೂದುಬಣ್ಣದ ಪ್ಲಾಸ್ಟಿಕ್ ಪೈಪು ಕಂಡರೆ ಅದು ಪಾಲಿಬ್ಯುಟಿಲೀನ್ ಇರಬಹುದು. 1978ರಿಂದ 1995ರವರೆಗೆ ಹಾಕಿದ್ದು, ಮೊಬೈಲ್ ಹೋಮ್‌ಗಳಲ್ಲಂತೂ ತುಂಬ. ನೀರಿನಲ್ಲಿರುವ ಕ್ಲೋರಿನ್ ತಿಂದು ತಿಂದು ಒಳಗಿನಿಂದ ಸೀಳುತ್ತದೆ. ಮನೆ 1970ರದ್ದಾದ್ದರಿಂದ ಈ ಪೈಪು ಇರಲಾರದು ಎನ್ನಬೇಡಿ, 1980ರ ದಶಕದಲ್ಲಿ ಪೈಪು ಬದಲಿಸಿದವರು ಇದನ್ನೇ ಹಾಕಿರುತ್ತಾರೆ. ವಾಟರ್ ಹೀಟರ್ ಕ್ಯಾಲಿಫೋರ್ನಿಯಾದಲ್ಲಿ ಭೂಕಂಪಕ್ಕೆ ಉರುಳದಂತೆ ಲೋಹದ ಪಟ್ಟಿಯಿಂದ ಬಿಗಿದಿರಬೇಕು.

ಚಾವಣಿಗೆ ಎರಡು ಪ್ರಶ್ನೆ: ಯಾವಾಗ ಹಾಕಿದ್ದು, ಏನು ಹಾಕಿದ್ದು. ಹಳೆಯ ತಗಡಿನ ಚಾವಣಿಗೆ ಬಿಳಿ ಕೋಟಿಂಗ್ ಬಳಿದಿದ್ದರೆ ಅದನ್ನು ಹೊಸ ಚಾವಣಿ ಎಂದು ಅರ್ಜಿಯಲ್ಲಿ ಬರೆಯಬೇಡಿ. ಬಳಿದದ್ದು ಬೇರೆ, ಹೊದಿಸಿದ್ದು ಬೇರೆ. ಕ್ಲೇಮ್ ದಿನ ಅವರು ಆ ಅಕ್ಷರಗಳನ್ನು ಹಿಡಿದೇ ಮಾತಾಡುತ್ತಾರೆ.

ಇನ್ನು ಮೆಟ್ಟಿಲು. ನಂಬಲು ಕಷ್ಟ, ಆದರೆ ಹಳೆಯ ಮೊಬೈಲ್ ಹೋಮ್ ಅರ್ಜಿಗಳು ನಿಲ್ಲುವುದು ಎಷ್ಟೋ ಸಲ ಮೆಟ್ಟಿಲಿನ ಹಿಡಿಕಂಬಿಯಲ್ಲಿ. ಮನೆ ನೆಲದಿಂದ ಮೇಲಿರುವುದರಿಂದ ಎಲ್ಲ ಬಾಗಿಲಿಗೂ ಮೂರು ನಾಲ್ಕು ಮೆಟ್ಟಿಲು ಇರುತ್ತವೆ, ಹಿಂಬಾಗಿಲಿಗೆ ಕಂಬಿ ಇರುವುದಿಲ್ಲ. ಕೊರಿಯರ್ ಹುಡುಗ ಬಿದ್ದು ಕೇಸು ಹಾಕಿದರೆ ಹೊಣೆಗಾರಿಕೆಯ ಹಣ ಕಂಪನಿಯದು, ಅದಕ್ಕೇ ಅವರಿಗೆ ಅಷ್ಟು ಕಾಳಜಿ. ಕಂಬಿ ಹಾಕಿಸುವುದು ಒಂದು ದಿನದ ಕೆಲಸ. ಹಾಗೆಯೇ ಮನೆಯ ಕೆಳಭಾಗ ಮುಚ್ಚುವ ಸ್ಕರ್ಟಿಂಗ್ ಸುತ್ತಲೂ ಇರಬೇಕು, ಚಾವಣಿಗೆ ತಾಗುವ ಕೊಂಬೆ ಕಡಿದಿರಬೇಕು, ಹೊಗೆ ಅಲಾರಂ ಪ್ರತಿ ಮಲಗುವ ಕೋಣೆಯಲ್ಲೂ ಕೂಗಬೇಕು.

ಕೊನೆಯದಾಗಿ, ಆಮೇಲೆ ಸೇರಿಸಿದ ಕೋಣೆಗಳು. ಕಾರ್‌ಪೋರ್ಟಿಗೆ ಗೋಡೆ ಎತ್ತಿ ಮಾಡಿದ ಆಫೀಸ್ ಕೋಣೆ, ಗಾಜು ಹಾಕಿದ ವರಾಂಡ. ಪಾರ್ಕಿನಲ್ಲಿರುವ ಮನೆಗೆ ಇಂಥ ಕೆಲಸದ ಪರ್ಮಿಟ್ ಹೆಚ್ಚಾಗಿ ಎಚ್‌ಸಿಡಿಯಿಂದಲೇ, ಕೆಲವು ಕಡೆ ಸ್ಥಳೀಯ ಕಚೇರಿಯಿಂದ. ಪರ್ಮಿಟ್ ಇಲ್ಲದ ಕೋಣೆಗೆ ಹಣ ಕೊಡುವಾಗ ಕಂಪನಿ ಚೌಕಾಸಿ ಮಾಡುತ್ತದೆ, ಆ ಕೋಣೆಯ ವೈರಿನಿಂದಲೇ ಬೆಂಕಿ ಹೊತ್ತಿದರಂತೂ ಕೇಳುವುದೇ ಬೇಡ.

ಇದೆಲ್ಲ ನೋಡಲು ಇನ್ಸ್‌ಪೆಕ್ಟರ್ ಕರೆಯುವಾಗ, ಮೊಬೈಲ್ ಹೋಮ್ ಅಡಿಗೆ ತೆವಳಿಕೊಂಡು ಹೋಗಿ ಕಂಬ, ಚಾಸಿ, ಬೆಲ್ಲಿ ಬೋರ್ಡ್ (ಮನೆಯ ತಳದ ಹೊದಿಕೆ) ನೋಡಿ ಅಭ್ಯಾಸ ಇರುವವರನ್ನೇ ಕರೆಯಿರಿ. ಸಾಮಾನ್ಯ ಮನೆಗಳ ಇನ್ಸ್‌ಪೆಕ್ಟರ್ ಎಷ್ಟೇ ನಿಪುಣರಾದರೂ ಇದು ಬೇರೆ ಕಸುಬು.

ಹೆಜ್ಜೆ 3: ಒಂದು ಫೈಲ್ ಮಾಡಿ

ಮನೆಯ ನಾಲ್ಕೂ ಬದಿಯ ಫೋಟೋ, ಚಾವಣಿ, ಪ್ಯಾನೆಲ್ ಮುಚ್ಚಳ ತೆಗೆದು ಒಂದು ಮತ್ತು ಮುಚ್ಚಿ ಒಂದು, ವಾಟರ್ ಹೀಟರ್ ಪಟ್ಟಿ, ಎಲ್ಲ ಮೆಟ್ಟಿಲು, ಕೆಂಪು ಫಲಕ ಅಥವಾ ಇನ್ಸಿಗ್ನಿಯಾ. ಅದರ ಜೊತೆ ದುರಸ್ತಿಯ ಬಿಲ್ಲುಗಳು, ಪರ್ಮಿಟ್‌ಗಳು, ಇನ್ಸ್‌ಪೆಕ್ಷನ್ ವರದಿ. ಮೊದಲ ಪುಟದಲ್ಲಿ ಒಂದೊಂದು ಸಾಲಿನಲ್ಲಿ: ವೈರಿಂಗ್ ಯಾವ ವರ್ಷ, ಪೈಪು ಯಾವ ವರ್ಷ, ಚಾವಣಿ ಯಾವ ವರ್ಷ, ಫರ್ನೇಸ್ ಯಾವ ವರ್ಷ. ಹತ್ತಿರದ ಫೈರ್ ಹೈಡ್ರಂಟ್ ಎಷ್ಟು ಅಡಿ, ಅಗ್ನಿಶಾಮಕ ಠಾಣೆ ಎಷ್ಟು ಮೈಲಿ ಎಂಬುದನ್ನೂ ಬರೆಯಿರಿ. 1,000 ಅಡಿ ಮತ್ತು 5 ಮೈಲಿಯ ಒಳಗಿದ್ದರೆ ದರದಲ್ಲಿ ಅನುಕೂಲ. ಏಜೆಂಟ್ ಕೇಳುವ ಮೊದಲೇ ಈ ಫೈಲ್ ಕಳಿಸಿದ ಗಿರಾಕಿಗೂ, ಬರೀ ವಿಳಾಸ ಕೊಟ್ಟು "ಎಷ್ಟಾಗುತ್ತದೆ?" ಎಂದು ಕೇಳಿದ ಗಿರಾಕಿಗೂ ಸಿಗುವ ಉತ್ತರ ಬೇರೆ ಬೇರೆ.

ಮಾರುವವರಿಂದ ಕ್ಲೂ ವರದಿ ಕೇಳಿ ಪಡೆಯಿರಿ. ಲೆಕ್ಸಿಸ್‌ನೆಕ್ಸಿಸ್ ಕಂಪನಿ ಇಟ್ಟಿರುವ, ಆ ಮನೆಯ ಮೇಲೆ ಕಳೆದ 7 ವರ್ಷಗಳಲ್ಲಿ ಆದ ಕ್ಲೇಮ್‌ಗಳ ದಾಖಲೆ ಅದು. ಮಾಲೀಕರು ಕೇಳಿದರೆ ವರ್ಷಕ್ಕೊಮ್ಮೆ ಉಚಿತ. ಎರಡು ನೀರಿನ ಕ್ಲೇಮ್ ಇದ್ದರೆ ಹಳೆಯ ಪೈಪಿನ ಕಥೆ ಅಲ್ಲೇ ತಿಳಿಯುತ್ತದೆ.

ಹೆಜ್ಜೆ 4: ಎಷ್ಟಕ್ಕೆ ವಿಮೆ, ಹೇಗೆ ಕೊಡುತ್ತಾರೆ

ಇಲ್ಲಿ ನಿಧಾನವಾಗಿ ಓದಿ.

ಬೇ ಏರಿಯಾದ ಪಾರ್ಕಿನಲ್ಲಿ 1972ರ ಮನೆಯೊಂದಕ್ಕೆ ನೀವು 2.8 ಲಕ್ಷ ಡಾಲರ್ ಕೊಟ್ಟಿರಿ ಎಂದುಕೊಳ್ಳೋಣ. ಅದರಲ್ಲಿ ಮರ, ತಗಡು, ಚಾಸಿಗೆ ಸೇರಿದ್ದು ಎಷ್ಟು? ಸವಕಳಿ ಕಳೆದರೆ 25 ಸಾವಿರವೂ ಇರಲಾರದು. ಉಳಿದದ್ದೆಲ್ಲ ಆಫೀಸಿಗೆ ಹತ್ತು ನಿಮಿಷದ ಆ ಜಾಗದಲ್ಲಿ ಇರುವ ಹಕ್ಕಿನ ಬೆಲೆ. ವಿಮೆ ಕಂಪನಿ ಜಾಗದ ಬೆಲೆಗೆ ಜವಾಬ್ದಾರಿಯಲ್ಲ, ಮನೆಗೆ ಮಾತ್ರ. ಈಗ ಮನೆ ಪೂರ್ತಿ ಸುಟ್ಟುಹೋಯಿತು ಎನ್ನಿ. ಅದೇ ಜಾಗದಲ್ಲಿ ಮತ್ತೆ ಇರಬೇಕಾದರೆ ಈಗಿನ ನಿಯಮದ ಹೊಸ ಮನೆ ತರಬೇಕು, ಸುಟ್ಟದ್ದನ್ನು ತೆಗೆಸಬೇಕು, ಹಳೆಯದಾದ್ದರಿಂದ ಅಸ್ಬೆಸ್ಟಾಸ್ ಪರೀಕ್ಷೆ ಮಾಡಿಸಬೇಕು, ಹೊಸದನ್ನು ಕೂರಿಸಿ ಪರ್ಮಿಟ್ ಮುಗಿಸಬೇಕು. ಇದು ಲಕ್ಷಗಳ ಮಾತು. ಪಾಲಿಸಿ ಕೊಡುವುದು 25 ಸಾವಿರವೋ, ಲಕ್ಷಗಳೋ ಎಂಬುದು ಲಾಸ್ ಸೆಟಲ್‌ಮೆಂಟ್ ಎಂಬ ಷರತ್ತಿನಲ್ಲಿದೆ. ಅದು ಮೂರು ಬಗೆ.

ಆಕ್ಚುವಲ್ ಕ್ಯಾಶ್ ವ್ಯಾಲ್ಯೂ: ಹೊಸದರ ಬೆಲೆಯಿಂದ ಸವಕಳಿ ಕಳೆದು ಉಳಿದದ್ದು. ಐವತ್ತು ವರ್ಷದ ಮನೆಗೆ ಸವಕಳಿ ಕಳೆದರೆ ಉಳಿಯುವುದೇನು ಎಂದು ಹೇಳಬೇಕಿಲ್ಲ. ಅಗ್ಗದ ಕೋಟ್‌ಗಳು ಬಹುತೇಕ ಇದೇ. ಪಾಲಿಸಿಯ ಮುಖಪುಟದಲ್ಲಿ ಒಂದು ಲಕ್ಷ ಎಂದು ದೊಡ್ಡದಾಗಿ ಬರೆದಿದ್ದರೂ ಅದು ಗರಿಷ್ಠ ಮಿತಿ ಮಾತ್ರ. ಕೊಡುವುದು ಸವಕಳಿ ಕಳೆದ ಬೆಲೆ ಅಥವಾ ಮಿತಿ, ಎರಡರಲ್ಲಿ ಕಡಿಮೆಯದು. ಅಂದರೆ ಒಂದು ಲಕ್ಷಕ್ಕೆ ಪ್ರೀಮಿಯಂ ಕಟ್ಟಿಯೂ 25 ಸಾವಿರ ಪಡೆಯಬಹುದು.

ಅಗ್ರೀಡ್ ವ್ಯಾಲ್ಯೂ: ಪಾಲಿಸಿ ಬರೆಯುವಾಗಲೇ ಇಬ್ಬರೂ ಒಪ್ಪಿದ ಮೊತ್ತ. ಪೂರ್ತಿ ನಷ್ಟವಾದರೆ ಸವಕಳಿಯ ಮಾತೆತ್ತದೆ ಅಷ್ಟನ್ನೂ ಕೊಡಬೇಕು. "ಸ್ಟೇಟೆಡ್ ಅಮೌಂಟ್" ಎಂಬ ಹೆಸರಿನದು ಕೇಳಲು ಇದರ ಹಾಗೇ ಇರುತ್ತದೆ, ಆದರೆ ಕೆಲವು ಪಾಲಿಸಿಗಳಲ್ಲಿ ಅದರ ಅರ್ಥ ಬೇರೆ; ಸವಕಳಿ ಕಳೆಯುತ್ತೀರೋ ಇಲ್ಲವೋ ಎಂದು ನೇರವಾಗಿ ಕೇಳಿ, ಉತ್ತರ ಇಮೇಲಿನಲ್ಲಿ ಪಡೆಯಿರಿ.

ರಿಪ್ಲೇಸ್‌ಮೆಂಟ್ ಕಾಸ್ಟ್: ಅಷ್ಟೇ ದೊಡ್ಡ ಹೊಸ ಮನೆ ತರುವ ಖರ್ಚು, ಮಿತಿಯ ಒಳಗೆ. ಎಲ್ಲಕ್ಕಿಂತ ಒಳ್ಳೆಯದು, ಆದರೆ ಮನೆಗೆ ಇಷ್ಟು ವರ್ಷ ದಾಟಿದರೆ ಕೊಡುವುದಿಲ್ಲ ಎಂದು ಅನೇಕ ಕಂಪನಿಗಳು ಗೆರೆ ಎಳೆದಿರುತ್ತವೆ.

ಪೂರ್ತಿ ನಷ್ಟಕ್ಕಿಂತ ಹೆಚ್ಚಾಗಿ ಆಗುವುದು ಅರೆಬರೆ ನಷ್ಟ: ಒಗ್ಗರಣೆಯ ಬೆಂಕಿಗೆ ಅಡುಗೆಮನೆಯ ಕಪಾಟು ಸುಟ್ಟದ್ದು, ಗಾಳಿಗೆ ಚಾವಣಿಯ ಅರ್ಧ ಹಾರಿದ್ದು. ಇದಕ್ಕೆ ಬೇರೆ ಷರತ್ತು ಇರುತ್ತದೆ. ಪೂರ್ತಿ ನಷ್ಟಕ್ಕೆ ಅಗ್ರೀಡ್ ವ್ಯಾಲ್ಯೂ ಕೊಟ್ಟು, ಅರೆ ನಷ್ಟಕ್ಕೆ ಮಾತ್ರ ಸವಕಳಿ ಕಳೆಯುವ ಪಾಲಿಸಿಗಳಿವೆ. ಚಾವಣಿಗೊಂದು ಪ್ರತ್ಯೇಕ ಸವಕಳಿ ಪಟ್ಟಿಯನ್ನೇ ಲಗತ್ತಿಸಿದವೂ ಇವೆ. ಹಳೆಯ ಮನೆಗೆ ನಾನು ಹೇಳುವುದು ಇಷ್ಟು: ರಿಪ್ಲೇಸ್‌ಮೆಂಟ್ ಸಿಕ್ಕರೆ ಅದು, ಸಿಗದಿದ್ದರೆ ಪೂರ್ತಿ ನಷ್ಟಕ್ಕೆ ಅಗ್ರೀಡ್ ವ್ಯಾಲ್ಯೂ, ಅರೆ ನಷ್ಟಕ್ಕೆ ರಿಪ್ಲೇಸ್‌ಮೆಂಟ್ ಸೇರಿಸಿದ್ದು. ಪ್ರೀಮಿಯಂ ಭಾರವಾದರೆ ಡಿಡಕ್ಟಿಬಲ್ (ನಷ್ಟದಲ್ಲಿ ಮೊದಲು ನೀವೇ ಭರಿಸುವ ಪಾಲು) ಏರಿಸಿಕೊಳ್ಳಿ. ಎರಡು ಸಾವಿರ ಕೈಯಿಂದ ಹಾಕಿ ಚೇತರಿಸಿಕೊಳ್ಳಬಹುದು, ಎರಡು ಲಕ್ಷ ಹಾಕಲಾಗುವುದಿಲ್ಲ.

ಜೊತೆಗೆ ಅವಶೇಷ ತೆಗೆಸುವ ಖರ್ಚು ಮನೆಯ ಮೊತ್ತದ ಒಳಗೋ ಹೊರಗೋ ಎಂದು ಕೇಳಿ. ಒಳಗಾದರೆ ಹೊಸ ಮನೆಗೆ ಅಷ್ಟು ಕಡಿಮೆ. ಮನೆ ಇಲ್ಲದಿದ್ದರೂ ಜಾಗದ ಬಾಡಿಗೆ ನಿಲ್ಲದಿರಬಹುದು, ಅದರ ಮೇಲೆ ಬೇರೆಡೆ ಇರುವ ಬಾಡಿಗೆ ಬೇರೆ; ಅಡಿಷನಲ್ ಲಿವಿಂಗ್ ಎಕ್ಸ್‌ಪೆನ್ಸ್ ಎಂಬ ಭಾಗ ಎಷ್ಟು ತಿಂಗಳು, ಎಷ್ಟು ಹಣ ಎಂದು ನೋಡಿಕೊಳ್ಳಿ.

ಪಾರ್ಕಿನ ಲೀಸನ್ನೂ ಈ ಹೆಜ್ಜೆಯಲ್ಲೇ ಓದಬೇಕು: ಪಾರ್ಕು ಹಾಳಾದರೆ ಅದೇ ಜಾಗ ಮತ್ತೆ ಸಿಗುತ್ತದೆಯೇ ಎಂದು. 2017ರ ಅಕ್ಟೋಬರಿನಲ್ಲಿ ಸಾಂಟಾ ರೋಸಾದ ಟಬ್ಸ್ ಕಾಡ್ಗಿಚ್ಚು ಜರ್ನೀಸ್ ಎಂಡ್ ಎಂಬ ಮೊಬೈಲ್ ಹೋಮ್ ಪಾರ್ಕನ್ನು ಸುಟ್ಟಿತು. ಬಹುಪಾಲು ಮನೆಗಳು ಹೋದವು. ಉಳಿದ ಮನೆಗಳವರೂ ವಾಪಸು ಹೋಗಿ ಇರಲಾಗಲಿಲ್ಲ, ಏಕೆಂದರೆ ಪಾರ್ಕಿನ ನೀರು, ವಿದ್ಯುತ್ ವ್ಯವಸ್ಥೆಯೇ ಹಾಳಾಗಿತ್ತು. ಪಾರ್ಕು ಮುಚ್ಚಿತು, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಮನೆಗೆ ಹಾನಿಯಾಗದಿದ್ದರೆ ವಿಮೆಗೆ ಮನೆಯ ಬೆಲೆ ಕೊಡಲು ಕಾರಣವಿಲ್ಲ. ಮನೆ ಸುಟ್ಟರೂ ಪಾರ್ಕು ಮತ್ತೆ ತೆರೆಯದಿರಬಹುದು, ಆದ್ದರಿಂದ ಪಾಲಿಸಿಯ ಹಣ ಅದೇ ಜಾಗದಲ್ಲಿ ಮನೆ ಹಾಕಿದರೆ ಮಾತ್ರವೋ, ಬೇರೆಡೆ ಕೊಂಡರೂ ಸಿಗುತ್ತದೆಯೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಹೆಜ್ಜೆ 5: ಯಾರನ್ನು ಕೇಳಬೇಕು

ಟಿವಿಯಲ್ಲಿ ಜಾಹೀರಾತು ಕೊಡುವ ಕಂಪನಿಗಳಿಗಿಂತ ಈ ಕಸುಬಿಗೇ ಹುಟ್ಟಿದ ಕಂಪನಿಗಳಿಂದ ಶುರು ಮಾಡಿ. ಮಿಷಿಗನ್‌ನ ಫೋರ್‌ಮೋಸ್ಟ್ 1952ರಲ್ಲಿ ಶುರುವಾದದ್ದೇ ಮೊಬೈಲ್ ಹೋಮ್ ವಿಮೆಗಾಗಿ. ಈಗ ಫಾರ್ಮರ್ಸ್ ಗುಂಪಿನಲ್ಲಿದೆ. ಒಹಾಯೊದ ಅಮೆರಿಕನ್ ಮಾಡರ್ನ್ 1965ರದ್ದು, ಮೂಲ ಕಸುಬು ಅದೇ. ಒಂದೇ ಕಂಪನಿಗೆ ಕಟ್ಟುಬಿದ್ದ ಏಜೆಂಟ್ "ಇಲ್ಲ" ಎಂದರೆ ಅಲ್ಲಿಗೆ ಮುಗಿಯಿತು. ಹಲವು ಕಂಪನಿಗಳ ಪಾಲಿಸಿ ಮಾರುವ ಇಂಡಿಪೆಂಡೆಂಟ್ ಏಜೆಂಟ್ ಅಥವಾ ಬ್ರೋಕರ್ ಬಳಿ ಹೋಗಿ. ಒಳ್ಳೆಯ ಬ್ರೋಕರ್ ಪತ್ತೆಗೆ ಸುಲಭ ದಾರಿ, ಪಾರ್ಕಿನ ಪಕ್ಕದ ಮನೆಯವರನ್ನು ಕೇಳುವುದು. ಹಿರಿಯರು ಮೂವತ್ತು ವರ್ಷದಿಂದ ಅಲ್ಲೇ ಇರುತ್ತಾರೆ, ಯಾವ ಕಂಪನಿ ಕ್ಲೇಮ್ ಹೇಗೆ ಕೊಟ್ಟಿತು ಎಂಬುದು ಅವರಿಗೆ ಬಾಯಿಪಾಠ.

ಏಜೆಂಟ್ ಜೊತೆ ಫೋನಿನಲ್ಲಿ ಕೇಳಲೇಬೇಕಾದವು:

- ಪೂರ್ತಿ ನಷ್ಟಕ್ಕೆ, ಅರೆ ನಷ್ಟಕ್ಕೆ, ಚಾವಣಿಗೆ ಹೇಗೆ ಲೆಕ್ಕ ಹಾಕುತ್ತೀರಿ?
- ಹೆಸರಿಸಿದ ಅಪಾಯಗಳಿಗೆ ಮಾತ್ರವೋ, ಹೊರಗಿಟ್ಟದ್ದನ್ನು ಬಿಟ್ಟು ಎಲ್ಲಕ್ಕೂವೋ?
- ಪೈಪು ಒಡೆದು ಆದ ನಷ್ಟ ಸೇರಿದೆಯೇ? ಚರಂಡಿ ಹಿಂದಕ್ಕೆ ಉಕ್ಕಿದರೆ?
- ಕಾರ್‌ಪೋರ್ಟ್, ಆನಿಂಗ್, ಶೆಡ್ ಸೇರಿವೆಯೇ?
- ಕಂಪನಿ ಈ ರಾಜ್ಯದಲ್ಲಿ ಅಡ್ಮಿಟೆಡ್ (ರಾಜ್ಯದ ಪರವಾನಗಿ ಪಡೆದದ್ದು) ಹೌದೋ ಅಲ್ಲವೋ?

ಕೊನೆಯ ಪ್ರಶ್ನೆಯ ಕಾರಣ: ಅಡ್ಮಿಟೆಡ್ ಅಲ್ಲದ ಸರ್‌ಪ್ಲಸ್ ಲೈನ್ಸ್ ಕಂಪನಿ ದಿವಾಳಿಯಾದರೆ ರಾಜ್ಯದ ಖಾತರಿ ನಿಧಿ ನಿಮ್ಮ ಕ್ಲೇಮ್ ಕೊಡುವುದಿಲ್ಲ. ಬೇರೆ ಯಾರೂ ಒಪ್ಪದಿದ್ದರೆ ಅದನ್ನೂ ತೆಗೆದುಕೊಳ್ಳಬಹುದು, ಗೊತ್ತಿದ್ದು ತೆಗೆದುಕೊಳ್ಳಿ.

ಎಲ್ಲರೂ ಕೈಬಿಟ್ಟರೆ ಕ್ಯಾಲಿಫೋರ್ನಿಯಾ ಫೇರ್ ಪ್ಲ್ಯಾನ್ ಇದೆ. 1968ರಲ್ಲಿ ಶುರುವಾದ, ರಾಜ್ಯದಲ್ಲಿ ವ್ಯಾಪಾರ ಮಾಡುವ ವಿಮೆ ಕಂಪನಿಗಳೇ ಕೂಡಿ ನಡೆಸುವ ಕೊನೆಯ ಆಸರೆ. ಸರ್ಕಾರದ ಹಣವಲ್ಲ. ಮೂಲ ಪಾಲಿಸಿ ಬೆಂಕಿ, ಸಿಡಿಲು, ಒಳಗಿನ ಸ್ಫೋಟ, ಹೊಗೆ ಇಷ್ಟಕ್ಕೆ. ಕಳ್ಳತನ, ಪೈಪಿನ ನೀರು, ಹೊಣೆಗಾರಿಕೆ ಅದರಲ್ಲಿಲ್ಲ. ಆ ಖಾಲಿ ತುಂಬಲು ಡಿಫರೆನ್ಸ್ ಇನ್ ಕಂಡೀಷನ್ಸ್ ಎಂಬ ಎರಡನೇ ಪಾಲಿಸಿ ಬೇರೆ ಕಂಪನಿಯಿಂದ ಕೊಳ್ಳಬೇಕು. ಎರಡೂ ಸೇರಿ ದುಬಾರಿ. ಕಾಡಿನ ಅಂಚಿನ ಪಾರ್ಕುಗಳವರಿಗೆ ಈಗ ಬೇರೆ ದಾರಿ ಕಡಿಮೆ. ಸನಿವೇಲಿನ ಮಧ್ಯದವರು ಇಷ್ಟು ದೂರ ಬರಬೇಕಾಗುವುದು ಅಪರೂಪ.

ಹೆಜ್ಜೆ 6: ಮನೆ ವಿಮೆಯಲ್ಲಿ ಬಾರದವು

ಭೂಕಂಪ ಬಾರದು. ಮೊಬೈಲ್ ಹೋಮ್ ನೆಲಕ್ಕೆ ನೆಟ್ಟ ಮನೆಯಲ್ಲ. ಕಂಬಗಳ ಮೇಲೆ ಕೂತದ್ದು ಜಾರಿ ಬೀಳುತ್ತದೆ. 1994ರ ಜನವರಿ 17ರ ನಾರ್ತ್‌ರಿಜ್ ಭೂಕಂಪದಲ್ಲಿ ಹೀಗೆ ಬಿದ್ದ ಮನೆಗಳ ಗ್ಯಾಸ್ ಪೈಪು ಮುರಿದು ಪಾರ್ಕುಗಳಲ್ಲಿ ಬೆಂಕಿ ಹಬ್ಬಿತು. ಕ್ಯಾಲಿಫೋರ್ನಿಯಾದಲ್ಲಿ ಮನೆ ವಿಮೆ ಮಾರುವ ಕಂಪನಿ ಭೂಕಂಪದ ವಿಮೆಯನ್ನೂ ನಿಮ್ಮ ಮುಂದಿಡಲೇಬೇಕೆಂಬ ಕಾನೂನಿದೆ. ನಾರ್ತ್‌ರಿಜ್ ನಂತರ 1996ರಲ್ಲಿ ಹುಟ್ಟಿದ ಕ್ಯಾಲಿಫೋರ್ನಿಯಾ ಅರ್ತ್‌ಕ್ವೇಕ್ ಅಥಾರಿಟಿ ಮೊಬೈಲ್ ಹೋಮ್‌ಗೂ ಪಾಲಿಸಿ ಕೊಡುತ್ತದೆ, ಆದರೆ ಅದರ ಸದಸ್ಯ ಕಂಪನಿಯಲ್ಲಿ ನಿಮ್ಮ ಮನೆ ವಿಮೆ ಇರಬೇಕು. ಡಿಡಕ್ಟಿಬಲ್ ಶೇಕಡಾ ಲೆಕ್ಕದಲ್ಲಿ. ಮೊತ್ತ ಒಂದು ಲಕ್ಷವಿದ್ದು ಡಿಡಕ್ಟಿಬಲ್ ಶೇ. 15 ಇದ್ದರೆ ಮೊದಲ 15 ಸಾವಿರ ನಿಮ್ಮದು. ಮನೆಯ ಅಡಿ ಎಚ್‌ಸಿಡಿ ಒಪ್ಪಿದ ಭೂಕಂಪ ಬ್ರೇಸಿಂಗ್ (ಮನೆ ಕೆಳಗೆ ಬೀಳದಂತೆ ತಡೆಯುವ ಆಧಾರ) ಇದೆಯೇ ನೋಡಿ. ಇಲ್ಲದಿದ್ದರೆ, ಪಾಲಿಸಿಗೂ ಬ್ರೇಸಿಂಗ್‌ಗೂ ಒಟ್ಟಿಗೆ ಹಣ ಹೊಂದದಿದ್ದರೆ, ನಾನು ಮೊದಲು ಬ್ರೇಸಿಂಗ್ ಹಾಕಿಸುತ್ತೇನೆ.

ಪ್ರವಾಹವೂ ಬಾರದು. ಫೆಮಾ (ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ) ನಕ್ಷೆಯಲ್ಲಿ ಪಾರ್ಕಿನ ವಿಳಾಸ ಹಾಕಿ ನೋಡಿ. ಕೊಲ್ಲಿಯ ಅಂಚಿನ, ಹಳ್ಳದ ಪಕ್ಕದ ಪಾರ್ಕುಗಳು ಕೆಲವು ಅಪಾಯ ವಲಯದಲ್ಲಿವೆ. ಕೇಂದ್ರ ಸರ್ಕಾರದ ಪ್ರವಾಹ ವಿಮೆ ಕಟ್ಟಡಕ್ಕೆ 2.5 ಲಕ್ಷ, ಸಾಮಾನಿಗೆ 1 ಲಕ್ಷ ಡಾಲರ್‌ವರೆಗೆ. ಸಾಮಾನ್ಯವಾಗಿ ಕೊಂಡ 30 ದಿನದ ಮೇಲೆ ಜಾರಿ, ಆದ್ದರಿಂದ ಮಳೆಯ ಮುನ್ಸೂಚನೆ ಕೇಳಿ ಕೊಳ್ಳಲು ಹೋದರೆ ಪ್ರಯೋಜನವಿಲ್ಲ.

ಚಿನ್ನಕ್ಕೆ ಇರುವ ಮಿತಿ ನಮ್ಮವರು ತಪ್ಪದೆ ನೋಡಬೇಕಾದದ್ದು. ಸಾಮಾನಿನ ವಿಮೆ 50 ಸಾವಿರ ಎಂದಿದ್ದರೂ ಆಭರಣ ಕಳವಿಗೆ ಒಳಮಿತಿ ಒಂದೆರಡು ಸಾವಿರ ಡಾಲರ್‌ನಷ್ಟೇ ಇರುವುದು ಸಾಮಾನ್ಯ. ಮದುವೆಯ ಸರ, ಬಳೆಗಳನ್ನು ಬ್ಯಾಂಕ್ ಲಾಕರಿನಲ್ಲಿಡಿ, ಇಲ್ಲವೇ ಅಂದಾಜು ಪತ್ರ ಮಾಡಿಸಿ ಪ್ರತ್ಯೇಕ ಪಟ್ಟಿಗೆ ಸೇರಿಸಿ.

ಊರಿಂದ ಬಂದ ಅಪ್ಪ ಅಮ್ಮ ಮೆಟ್ಟಿಲಲ್ಲಿ ಬಿದ್ದರೆ ಮನೆ ವಿಮೆಯ ವೈದ್ಯಕೀಯ ಭಾಗ ಆಗುತ್ತದೆ ಎಂದು ನೆಚ್ಚಬೇಡಿ. ಅದು ಹೊರಗಿನ ಅತಿಥಿಗಳಿಗೆ. ಮನೆಯಲ್ಲೇ ತಿಂಗಳುಗಟ್ಟಲೆ ಇರುವ ಕುಟುಂಬದವರಿಗಲ್ಲ. ಅವರಿಗೆ ಪ್ರಯಾಣದ ಆರೋಗ್ಯ ವಿಮೆ ಬೇರೆಯೇ ಬೇಕು.

ಟೆಕ್ಸಸ್, ಫ್ಲಾರಿಡಾದಲ್ಲಿ ಇದ್ದರೆ

ಅಲ್ಲಿ ಬೆಂಕಿಗಿಂತ ಗಾಳಿ ಮುಖ್ಯ. 1992ರ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾದ ಮೊಬೈಲ್ ಹೋಮ್‌ಗಳನ್ನು ನುಚ್ಚುನೂರು ಮಾಡಿದ ಮೇಲೆ, 1994ರ ಜುಲೈಯಿಂದ ಕರಾವಳಿ ವಲಯಗಳಿಗೆ ಹಡ್ ನಿಯಮ ಬಿಗಿಯಾಯಿತು. ಹೀಗಾಗಿ 1976ರ ಜೊತೆ 1994 ಕೂಡ ಅಲ್ಲಿ ಒಂದು ಗಡಿ. ಮನೆಯನ್ನು ನೆಲಕ್ಕೆ ಬಿಗಿದ ಟೈ-ಡೌನ್‌ಗಳ ಪ್ರಮಾಣಪತ್ರ, ಫ್ಲಾರಿಡಾದಲ್ಲಿ ಫೋರ್-ಪಾಯಿಂಟ್ ಇನ್ಸ್‌ಪೆಕ್ಷನ್ (ಚಾವಣಿ, ವಿದ್ಯುತ್, ಪೈಪು, ಹೀಟಿಂಗ್-ಕೂಲಿಂಗ್ ಈ ನಾಲ್ಕರ ತಪಾಸಣೆ) ಕೇಳುತ್ತಾರೆ. ಗಾಳಿಗೆ ಪ್ರತ್ಯೇಕ ಶೇಕಡಾವಾರು ಡಿಡಕ್ಟಿಬಲ್ ಇರುತ್ತದೆ. ಉಳಿದ ಹೆಜ್ಜೆಗಳು ಇವೇ.

ಹೆಜ್ಜೆ 7: ಪಾಲಿಸಿ ಬಂದ ಮೇಲೆ

ಕೋಟ್‌ನಲ್ಲಿ ಹೇಳಿದ್ದು ಪಾಲಿಸಿಯಲ್ಲಿ ಇದೆಯೇ ಎಂದು ಮುಖಪುಟ ಹಿಡಿದು ಒಂದೊಂದಾಗಿ ತಾಳೆ ನೋಡಿ: ಹೆಸರು, ಸೀರಿಯಲ್ ನಂಬರ್, ತಯಾರಾದ ವರ್ಷ, ಸೆಟಲ್‌ಮೆಂಟ್ ಷರತ್ತು, ಸಾಲ ಕೊಟ್ಟವರ ಹೆಸರು. ಸಾಲವಿದ್ದು ವಿಮೆ ತಪ್ಪಿದರೆ ಸಾಲ ಕೊಟ್ಟವರೇ ದುಬಾರಿ ಪಾಲಿಸಿ ಹಾಕಿ ನಿಮ್ಮ ಲೆಕ್ಕಕ್ಕೆ ಬರೆಯುತ್ತಾರೆ, ಅದು ಕಾಯುವುದು ಅವರ ಹಣವನ್ನು.

ಮೊದಲ ಕೆಲವು ವಾರಗಳಲ್ಲಿ ಕಂಪನಿಯವರು ಫೋಟೋ ತೆಗೆಯಲು ಜನ ಕಳಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲ 60 ದಿನ ಪಾಲಿಸಿ ರದ್ದು ಮಾಡುವುದು ಕಂಪನಿಗೆ ಸುಲಭ, ಆಮೇಲೆ ಕಾನೂನು ಹೇಳಿದ ಕಾರಣಗಳಿಗೆ ಮಾತ್ರ. ಆದ್ದರಿಂದ ಆ ಎರಡು ತಿಂಗಳು ಅಂಗಳದಲ್ಲಿ ಹಳೆಯ ಸೋಫಾ, ಬಾಗಿಲಲ್ಲಿ ಕಂಬಿಯಿಲ್ಲದ ಮೆಟ್ಟಿಲು ಬೇಡ. ದುರಸ್ತಿ ಕೇಳಿ ಪತ್ರ ಬಂದರೆ ಗಡುವಿನೊಳಗೆ ಮಾಡಿಸಿ ಫೋಟೋ ಕಳಿಸಿ.

ಊರಿಗೆ ಹೋಗಿ ಎರಡು ತಿಂಗಳು ಇದ್ದು ಬರುವವರು ಖಾಲಿ ಮನೆಯ ಷರತ್ತು ಓದಲೇಬೇಕು. ಮನೆ 30 ಅಥವಾ 60 ದಿನ ಖಾಲಿಯಿದ್ದರೆ ಕಿಡಿಗೇಡಿಗಳ ಹಾನಿ, ಪೈಪಿನ ಸೋರಿಕೆಗೆ ವಿಮೆ ನಿಲ್ಲುವ ಪಾಲಿಸಿಗಳು ಬಹಳ. ಸಾಮಾನು ಇದ್ದು ಜನ ಇಲ್ಲದ್ದು ಬೇರೆ, ಸಾಮಾನೂ ಇಲ್ಲದ್ದು ಬೇರೆ ಎಂದು ಕೆಲವು ಬಗೆಯುತ್ತವೆ. ನಿಮ್ಮದು ಹೇಗೆ ಎಂದು ಏಜೆಂಟ್‌ಗೆ ಇಮೇಲ್ ಮಾಡಿ ಕೇಳಿ. ಹೊರಡುವ ಮುನ್ನ ನೀರಿನ ಮೇನ್ ವಾಲ್ವ್ ಮುಚ್ಚಿ, ಸ್ನೇಹಿತರಿಗೆ ವಾರಕ್ಕೊಮ್ಮೆ ಬಂದು ನೋಡಲು ಬೀಗದ ಕೈ ಕೊಡಿ. ಆ ಸಮಯಕ್ಕೆ ಮನೆಯನ್ನು ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಮೊದಲು ಪಾರ್ಕಿನ ನಿಯಮ, ಆಮೇಲೆ ಪಾಲಿಸಿ. ಎರಡೂ ಬಹುತೇಕ ಬೇಡ ಎನ್ನುತ್ತವೆ.

ದೇವರ ದೀಪದ ಬಗ್ಗೆಯೂ ಒಂದು ಮಾತು. 1976ಕ್ಕೆ ಹಿಂದಿನ ಮನೆಗಳ ಒಳಗೋಡೆ ತೆಳು ಪ್ಲೈವುಡ್ ಹಲಗೆ, ಹೊತ್ತಿದರೆ ನಿಮಿಷಗಳಲ್ಲಿ ಕೋಣೆ ತುಂಬುತ್ತದೆ. ದೀಪವನ್ನು ಗೋಡೆಯಿಂದ ದೂರ, ತಟ್ಟೆಯಲ್ಲಿಟ್ಟು, ಹೊರಗೆ ಹೋಗುವಾಗ ಆರಿಸಿ. ದೀಪಾವಳಿಯ ಹಣತೆ ವಿನೈಲ್ ಸ್ಕರ್ಟಿಂಗ್ ಪಕ್ಕದಲ್ಲಿ ಖಂಡಿತ ಬೇಡ.

ಮನೆಯ ಪ್ರತಿ ಕೋಣೆ, ಪ್ರತಿ ಕಪಾಟು ತೆರೆದು ಫೋನಿನಲ್ಲಿ ವಿಡಿಯೋ ಮಾಡಿ, ಮನೆಯ ಹೊರಗೆ ಎಲ್ಲಾದರೂ ಉಳಿಯುವಂತೆ ಕ್ಲೌಡಿನಲ್ಲಿಡಿ. ವರ್ಷಕ್ಕೊಮ್ಮೆ, ನವೀಕರಣ ಪತ್ರ ಬಂದಾಗ, ಅಗ್ರೀಡ್ ವ್ಯಾಲ್ಯೂ ಈಗಿನ ಹೊಸ ಮನೆಯ ಬೆಲೆಗೆ ಸಾಕೇ ಎಂದು ನೋಡಿ ಏರಿಸಿ.

ಒಂದು ವರ್ಷ ನವೀಕರಣದ ಬದಲು "ಮುಂದುವರಿಸುವುದಿಲ್ಲ" ಎಂಬ ಪತ್ರವೂ ಬರಬಹುದು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು 75 ದಿನ ಮೊದಲೇ ಕೊಡಬೇಕು, ಕಾರಣವನ್ನೂ ಹೇಳಬೇಕು. ಕಾರಣ ಚಾವಣಿಯೋ ಮೆಟ್ಟಿಲೋ ಆಗಿದ್ದರೆ ಸರಿಪಡಿಸಿ ಮರುಪರಿಶೀಲನೆ ಕೇಳಿ. ಕಾಡ್ಗಿಚ್ಚಿನ ತುರ್ತು ಪರಿಸ್ಥಿತಿ ಘೋಷಣೆಯಾದ ಪ್ರದೇಶ ಮತ್ತು ಅದರ ಪಕ್ಕದ ಪಿನ್‌ಕೋಡ್‌ಗಳಲ್ಲಿ ಒಂದು ವರ್ಷ ಕಾಡ್ಗಿಚ್ಚಿನ ಕಾರಣಕ್ಕೆ ಹೀಗೆ ಕೈಬಿಡುವಂತಿಲ್ಲ. ನಿಮ್ಮ ವಿಳಾಸ ಆ ಪಟ್ಟಿಯಲ್ಲಿದೆಯೇ ಎಂದು ರಾಜ್ಯದ ವಿಮಾ ಇಲಾಖೆಗೆ 800-927-4357ರಲ್ಲಿ ಕೇಳಬಹುದು. ಅದೇ ದಿನ ಹೆಜ್ಜೆ 3ರ ಫೈಲಿಗೆ ಹೊಸ ಫೋಟೋ, ಹೊಸ ಬಿಲ್ಲು ಸೇರಿಸಿ ಬ್ರೋಕರ್‌ಗೆ ಕಳಿಸಿಬಿಡಿ. ಹಳೆಯ ಪಾಲಿಸಿ ಇನ್ನೂ ಜಾರಿಯಲ್ಲಿರುವಾಗ ಕೇಳಿದರೆ ಹೊಸ ಕಂಪನಿ ಸಿಗುವುದು ಸುಲಭ. ಮಧ್ಯೆ ಒಂದು ದಿನ ವಿಮೆ ತಪ್ಪಿದರೂ ಮುಂದಿನ ಅರ್ಜಿಯಲ್ಲಿ ಅದಕ್ಕೊಂದು ಪ್ರಶ್ನೆ ಕಾದಿರುತ್ತದೆ.